ದೊಡ್ಡಮ್ಮನ ಅರ್ಧಗಂಟೆ

ಬಿತ್ತನೆ ಬೀಜದ ಷೆಡ್ಡಿಗೆ ನಾನು ಕೆಲಸಕ್ಕೆ ಸೇರಿದ ದಿನ ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, "ನಿಂದು ಯಾವ ಹಾಡು?"

ನನಗೆ ಅರ್ಥವಾಗಲಿಲ್ಲ. ಸುಮ್ಮನೆ ನಕ್ಕೆ.

ಬಟಾಣಿ, ಬೀನ್ಸ್, ಕುಂಬಳ, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಬೀಜ ಆ ಷೆಡ್ಡಿಗೆ ಬರುತ್ತಿತ್ತು. ದೂಳು, ಕಡ್ಡಿ, ಕಲ್ಲುಗಳನ್ನು ಯಂತ್ರವೇ ತೆಗೆಯುತ್ತಿತ್ತು. ಸುಕ್ಕು ಹಿಡಿದದ್ದು, ಚುಕ್ಕೆ ಬಿದ್ದದ್ದು, ಅರ್ಧ ಒಡೆದದ್ದು ಮಾತ್ರ ಯಂತ್ರಕ್ಕೆ ಕಾಣಿಸುತ್ತಿರಲಿಲ್ಲ. ಅವನ್ನು ನಾವು ಕೈಯಿಂದ ಆರಿಸಬೇಕು. ಉತ್ತರದ ಕಿಟಕಿಯ ಕೆಳಗೆ ಒಂದು ಉದ್ದನೆಯ ಮೇಜು, ಅದರ ಸುತ್ತ ನಾಲ್ಕು ಸ್ಟೂಲು. ಕಿಟಕಿಯ ಕಟ್ಟೆಯ ಮೇಲೆ ಒಂದು ಹಳೆಯ ಟೇಪ್ ರೆಕಾರ್ಡರ್. ಬೀಜ ಆರಿಸುವ ಕೆಲಸಕ್ಕೆ ಕಣ್ಣು, ಬೆರಳು ಸಾಕು. ಕಿವಿ ಖಾಲಿಯಿದ್ದರೆ ಮನಸ್ಸು ಎಲ್ಲೆಲ್ಲೋ ಅಲೆದು ಬೀಜ ತಪ್ಪಿಹೋಗುತ್ತದೆ. ಹಾಗಾಗಿ ಸರದಿಯ ಪ್ರಕಾರ ಒಬ್ಬೊಬ್ಬರಿಗೆ ಅರ್ಧಗಂಟೆ. ಅವರವರ ಕ್ಯಾಸೆಟ್ಟು ಅವರವರದು. ಇನ್ನೊಬ್ಬರ ಹಾಡು ನಡೆಯುವಾಗ ಗೊಣಗಬಹುದು, ಹಲ್ಲು ಕಡಿಯಬಹುದು, ಎದ್ದು ಹೋಗುವಂತಿಲ್ಲ. ಇಷ್ಟೇ ಕಾನೂನು.

ಅಲ್ಲಿ ಹಾಡೇ ಅವರವರ ಮನೆತನ. ಅಡ್ಡಹೆಸರೂ ಅದರಿಂದಲೇ ಬಂದದ್ದು. ನನ್ನ ಎದುರು ಕೂರುತ್ತಿದ್ದವಳು ಕುಣಿತದಕ್ಕ. ಮಂಡಿನೋವಿನಿಂದ ಮೆಟ್ಟಿಲು ಹತ್ತಲೂ ಏದುಸಿರು ಬಿಡುತ್ತಿದ್ದಳು. ಆದರೆ ಅವಳ ಕ್ಯಾಸೆಟ್ಟು ಹಾಕಿದರೆ ಮೇಜಿನ ಮೇಲಿನ ಬೀಜವೂ ಹಾರುತ್ತಿತ್ತು. ಅವಳ ಪಕ್ಕ ಅಳುಮುಂಜಿ. ಅಗಲಿಕೆಯ ಹಾಡು ಬಿಟ್ಟು ಬೇರೆ ಯಾವುದನ್ನೂ ಅವಳು ಹಾಡೆಂದು ಒಪ್ಪುತ್ತಿರಲಿಲ್ಲ. ಇಡೀ ಷೆಡ್ಡಿನಲ್ಲಿ ಅತಿ ಹೆಚ್ಚು ನಗುತ್ತಿದ್ದವಳೂ ಅವಳೇ. "ಅಳೋದನ್ನೆಲ್ಲ ಅರ್ಧಗಂಟೇಲಿ ಮುಗಿಸಿಬಿಡ್ತೀನಿ, ಉಳಿದ ಹೊತ್ತು ಪುರಸೊತ್ತು" ಎನ್ನುತ್ತಿದ್ದಳು.

ಮೇಜಿನ ತುದಿಯಲ್ಲಿ ದೊಡ್ಡಮ್ಮ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ಕಡಿಮೆ ಮಾತು. ಅವರದು ಪ್ರಾರ್ಥನೆಯ ಹಾಡು.

ಒಮ್ಮೆ ಒಂದು ಹಾಡಿನ ವಿಷಯಕ್ಕೆ ಉಳಿದಿಬ್ಬರಿಗೂ ಜಗಳ ಹತ್ತಿತು. ಮಾತು ದುಃಖದ್ದು, ತಾಳ ಕುಣಿತದ್ದು.

"ಗಂಡ ಬಿಟ್ಟುಹೋದ ಅಂತ ಹಾಡ್ತಿದಾಳೆ. ಅದು ನಂದು" ಎಂದಳು ಅಳುಮುಂಜಿ.

"ಹೋದ್ರೆ ಹೋಗ್ಲಿ ಅಂತ ಡೋಲು ಹೊಡೀತಿದಾರಲ್ಲೇ! ಅದು ನಂದು."

ಕೊನೆಗೆ ಇಬ್ಬರೂ ದೊಡ್ಡಮ್ಮನ ಕಡೆ ನೋಡಿದರು. ದೊಡ್ಡಮ್ಮ ತಲೆಯೆತ್ತದೆ, "ಕೈ ನೋಡ್ಕೊಳ್ರೇ. ಕೈ ನಿಂತರೆ ಅಳೋ ಹಾಡು, ಓಡಿದರೆ ಕುಣಿಯೋ ಹಾಡು. ಈಗ ಇಬ್ಬರ ಕೈಯೂ ನಿಂತಿದೆ, ಜಗಳದ ಹಾಡು" ಎಂದರು.

ನನಗೆ ಯಾವ ಹಾಡೂ ಇರಲಿಲ್ಲ. ನಮ್ಮಪ್ಪ ನೀರೆತ್ತುವ ಪಂಪುಗಳ ರಿಪೇರಿಯವರು. ಎಂಜಿನ್ನಿಗೆ ಕಿವಿಗೊಟ್ಟೇ ಕಾಯಿಲೆ ಹೇಳುತ್ತಿದ್ದರು. ಹಗಲೆಲ್ಲ ಆ ಗದ್ದಲದಲ್ಲಿದ್ದು ಬಂದವರಿಗೆ ಮನೆಯಲ್ಲಿ ಸೌಟು ಬಿದ್ದರೂ ಸಿಡುಕು. ಹೀಗಾಗಿ ನಮ್ಮಲ್ಲಿ ರೇಡಿಯೊ ಕೂಡ ಇರಲಿಲ್ಲ. ನನ್ನ ಸರದಿ ಬಂದಾಗ ಪೆಟ್ಟಿಗೆ ಸುಮ್ಮನಿರುತ್ತಿತ್ತು. ಆ ಅರ್ಧಗಂಟೆ ಎಲ್ಲರೂ ಮಾತಿಗಿಳಿಯುತ್ತಿದ್ದರು. "ಮೌನಗೌರಿ ಹಾಡು ಶುರುವಾಯ್ತು, ಇನ್ನು ಬಾಯಿ ಬಿಡಬಹುದು" ಎಂದು ಕುಣಿತದಕ್ಕ ಚುಚ್ಚುತ್ತಿದ್ದಳು. ನಾನು ನಗುತ್ತಿದ್ದೆ. ಆದರೆ ಯಾರ ಮನೆಯವಳೂ ಅಲ್ಲದವಳಂತೆ ಒಳಗೊಳಗೇ ಕುಗ್ಗುತ್ತಿದ್ದೆ.

ದೊಡ್ಡಮ್ಮನ ಕ್ಯಾಸೆಟ್ಟಿನ ಕಥೆಯನ್ನು ನನಗೆ ಹೇಳಿದವಳು ಅಳುಮುಂಜಿ. ಹಾಡುತ್ತಿದ್ದವರು ದೊಡ್ಡಮ್ಮನ ತಂಗಿ ಮತ್ತು ಅವರ ಜೊತೆಯ ಏಳು ಹೆಂಗಸರು. ಆ ತಂಗಿ ತೀರಿಕೊಂಡು ಆರು ವರ್ಷ. ಅದಕ್ಕೂ ಮುಂಚೆ ಒಂದು ಮಧ್ಯಾಹ್ನ ಎಲ್ಲರೂ ಸೇರಿದ್ದಾಗ ಯಾರೋ ದನಿ ತುಂಬುವ ಯಂತ್ರ ತಂದಿದ್ದರಂತೆ, ಖಾಲಿ ಕ್ಯಾಸೆಟ್ಟು ಇರಲಿಲ್ಲವಂತೆ. ಅಂಗಡಿಯಲ್ಲಿ ಕೊಂಡ ಕುಣಿತದ ಕ್ಯಾಸೆಟ್ಟೊಂದರ ಬೆನ್ನಿಗೆ, ಬೇರೇನೂ ತುಂಬದಂತೆ ತಡೆಯಲು ಬಿಟ್ಟಿದ್ದ ತೂತಿಗೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿ, ಅದರ ಮೇಲೆಯೇ ಪ್ರಾರ್ಥನೆ ತುಂಬಿಸಿಬಿಟ್ಟರು. ಹದಿನಾಲ್ಕು ನಿಮಿಷ ಹಾಡು. ಅದು ಮುಗಿದ ಮರುಗಳಿಗೆಯಲ್ಲೇ, ಅಡಿಯಲ್ಲಿ ಮಲಗಿದ್ದ ಹಳೆಯ ಕುಣಿತ ಎದ್ದು ಡೋಲು ಬಾರಿಸುತ್ತಿತ್ತು. "ಇಲ್ಲಿಂದ ನಂದು!" ಎಂದು ಕುಣಿತದಕ್ಕ ದಿನವೂ ಕೂಗುತ್ತಿದ್ದಳು. ದೊಡ್ಡಮ್ಮ ನಿಲ್ಲಿಸುತ್ತಿರಲಿಲ್ಲ. "ಕೇಳಿ ಕೇಳಿ ಎರಡೂ ಒಂದೇ ಆಗಿದೆ ಕಣ್ರೇ. ಬೇರೆ ಕಡೆ ಈ ಪ್ರಾರ್ಥನೆ ಮುಗಿದರೆ ನನ್ನ ಕಾಲು ಡೋಲಿಗೆ ಕಾಯುತ್ತೆ" ಎನ್ನುತ್ತಿದ್ದರು.

"ಇನ್ನೊಂದು ಪ್ರತಿ ಮಾಡಿಸಿಟ್ಕೊಳ್ಳಿ ದೊಡ್ಡಮ್ಮ" ಎಂದು ಅಳುಮುಂಜಿ ಹೇಳುತ್ತಲೇ ಇದ್ದಳು. "ಮಾಡಿಸ್ತೀನಿ" ಎಂದು ದೊಡ್ಡಮ್ಮ ಹೇಳುತ್ತಲೇ ಇದ್ದರು.

ನಾನು ಸೇರಿ ಮೂರು ತಿಂಗಳಾಗಿತ್ತು. ಆ ದಿನ ದೊಡ್ಡಮ್ಮ ತಮ್ಮ ಕ್ಯಾಸೆಟ್ಟನ್ನು ಪೆಟ್ಟಿಗೆಗೆ ಹಾಕಿ, ಮೊದಲಿಗೆ ಸುತ್ತಿಸಿ ಇಟ್ಟಿದ್ದರು. ಅಷ್ಟರಲ್ಲಿ ಒಂದು ಮೂಟೆಯ ಬೀಜ ಯಾವ ತಳಿಯೆಂದು ಗುರುತಿಸಲು ಮೇಸ್ತ್ರಿ ಅವರನ್ನು ಗೋದಾಮಿಗೆ ಕರೆದರು. ಕಿಟಕಿಗೆ ಹತ್ತಿರ ಕೂತವಳು ನಾನು. "ನೀನೇ ಒತ್ತಮ್ಮ, ಬಂದೆ" ಎಂದು ಹೋದರು.

ನಾನು ಅದುವರೆಗೆ ಆ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಗುಂಡಿಗಳ ಮೇಲಿನ ಗುರುತುಗಳೆಲ್ಲ ಬೆರಳು ತಾಗಿ ಎಂದೋ ಅಳಿಸಿಹೋಗಿದ್ದವು. ತುದಿಯ ಗುಂಡಿ ಒತ್ತಿದೆ. ಅದರೊಂದಿಗೆ ಪಕ್ಕದ ಗುಂಡಿಯೂ ಕೆಳಗಿಳಿಯಿತು. ಒಳಗೆ ಚಕ್ರಗಳು ತಿರುಗತೊಡಗಿದವು. ಒಂದು ಕೆಂಪು ದೀಪ ಹತ್ತಿತು. ಹಾಡು ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅನುಮಾನಪಡುತ್ತಿದ್ದರು. ಪೆಟ್ಟಿಗೆ ಸುಮ್ಮನಿರುವುದೇ ರೂಢಿಯಾಗಿದ್ದ ನನಗೆ ಏನೂ ಅನಿಸಲಿಲ್ಲ. ಚಕ್ರ ತಿರುಗುತ್ತಿದೆ, ಬರುವಾಗ ಬರುತ್ತದೆ ಎಂದುಕೊಂಡೆ. ದೊಡ್ಡಮ್ಮ ಬರಲೆಂದು ನಾನೇ ಹಾಡನ್ನು ತಡೆದಿದ್ದೇನೆಂದು ತಿಳಿದು ಉಳಿದವರು ಹರಟೆಗೆ ಕೂತರು.

ದೊಡ್ಡಮ್ಮ ಬಾಗಿಲಲ್ಲಿ ಕಾಲಿಟ್ಟವರೇ, ದನಿ ತುಂಬಿಕೊಳ್ಳುವಾಗ ಮಾತ್ರ ಹತ್ತುವ ಆ ಕೆಂಪು ದೀಪ ನೋಡಿದರು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಗುಂಡಿ ಒತ್ತಿ ನಿಲ್ಲಿಸಿದರು. ಹಿಂದಕ್ಕೆ ಸುತ್ತಿಸಿದರು. ಹಾಕಿದರು.

ಮೊದಲು ಬೀಜ ಸುರಿಯುವ ಸದ್ದು. ಆಮೇಲೆ ಕುಣಿತದಕ್ಕನ ದನಿ, ದೊಡ್ಡದಾಗಿ, "ಸದ್ಯ, ಇವತ್ತು ತಡವಾಗಿ ಶುರುವಾಗ್ತಿದೆ. ಆ ಪ್ರಾರ್ಥನೆ ಕೇಳ್ತಾ ಇದ್ರೆ ನನ್ನ ಕೈಗೆ ನಿದ್ದೆ ಬರುತ್ತೆ ಕಣೇ. ದೇವರಿಗೂ ಆಕಳಿಕೆ ಬಂದಿರುತ್ತೆ." ಅಳುಮುಂಜಿಯ ನಗು. ಮತ್ತೆ ಬೀಜದ ಸದ್ದು.

ಹನ್ನೊಂದು ನಿಮಿಷ ಅದೇ. ಅಷ್ಟನ್ನೂ ದೊಡ್ಡಮ್ಮ ನಿಂತುಕೊಂಡೇ ಕೇಳಿದರು. ಆಮೇಲೆ ತಂಗಿಯ ದನಿ, ಒಂದು ಸಾಲಿನ ನಡುವಿನಿಂದ. ಉಳಿದಿದ್ದದ್ದು ಕೊನೆಯ ಮೂರು ನಿಮಿಷ. ಅದರ ಬೆನ್ನಿಗೆ ಡೋಲು. ಆ ದಿನ ಕುಣಿತದಕ್ಕ ಕೂಗಲಿಲ್ಲ.

ದೊಡ್ಡಮ್ಮ ಕ್ಯಾಸೆಟ್ಟನ್ನು ತೆಗೆದು ಚೀಲಕ್ಕೆ ಹಾಕಿಕೊಂಡರು. ಸ್ಟೂಲಿನ ಮೇಲೆ ಕೂತು ಬೀಜ ಆರಿಸತೊಡಗಿದರು. ಬೈದಿದ್ದರೆ ನಾನು ಅತ್ತುಬಿಡುತ್ತಿದ್ದೆ. ಅವರು ಬೈಯಲಿಲ್ಲ.

ಮರುದಿನ ದೊಡ್ಡಮ್ಮ ಕ್ಯಾಸೆಟ್ಟು ತರಲಿಲ್ಲ. ಅದರ ಮರುದಿನವೂ ಇಲ್ಲ. ಈಗ ಎರಡು ಅರ್ಧಗಂಟೆ ಪೆಟ್ಟಿಗೆ ಸುಮ್ಮನಿರುತ್ತಿತ್ತು, ನನ್ನದೊಂದು, ಅವರದೊಂದು. ನನ್ನ ಹೊತ್ತಿನಲ್ಲೂ ಯಾರೂ ಮಾತಾಡುತ್ತಿರಲಿಲ್ಲ. ಮೂರನೆಯ ದಿನ ನಾವು ಆರಿಸಿದ ಒಂದು ಮೂಟೆ ವಾಪಸು ಬಂತು. ಅದರ ತುಂಬ ಚುಕ್ಕೆ ಬೀಜ. "ಏನಾಗಿದೆ ನಿಮಗೆಲ್ಲ? ಕಣ್ಣು ಮನೇಲಿಟ್ಟು ಬಂದಿದೀರಾ?" ಎಂದು ಮೇಸ್ತ್ರಿ ಕೂಗಾಡಿದರು. ಆ ಹಾಡಿನ ನಿಧಾನದಲ್ಲಿ ದಿನವೂ ಸಣ್ಣ ಚುಕ್ಕೆಗಳನ್ನು ಹುಡುಕುತ್ತಿದ್ದೆವು. ಅದಿಲ್ಲದೆ ಕೈಗೆ ಎಷ್ಟು ಬೇಗ ಹೋಗಬೇಕೆಂದೇ ಗೊತ್ತಾಗುತ್ತಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಕೈ ತೊಳೆಯುವ ನಲ್ಲಿಯ ಹತ್ತಿರ ನಾನು ಅಳುಮುಂಜಿಗೆ ಹೇಳಿದೆ. "ನಾಳೆಯಿಂದ ಬರಲ್ಲಕ್ಕ. ಅವರ ಮುಖ ನೋಡೋಕಾಗ್ತಿಲ್ಲ."

"ಓಡಿಹೋದ್ರೆ ಹಾಡು ವಾಪಸ್ ಬರುತ್ತಾ?" ಎಂದಳು. ಅವತ್ತು ಅವಳು ನಗುತ್ತಿರಲಿಲ್ಲ. "ನೀನು ಗುಂಡಿ ಒತ್ತಿದೆ, ನಾವು ಬಾಯಿ ಬಿಟ್ವಿ. ಪಾಪದಲ್ಲಿ ಎಲ್ಲರಿಗೂ ಪಾಲಿದೆ. ಬಾ ನಾಳೆ, ತಲೆ ತಗ್ಗಿಸ್ಕೊಂಡಾದರೂ ಬಾ."

ಹೋದೆ.

ದೊಡ್ಡಮ್ಮನ ಅರ್ಧಗಂಟೆ ಬಂತು. ಮೇಜಿನ ಮೇಲೆ ಬಟಾಣಿ. ಕುಣಿತದಕ್ಕ ಒಂದೆರಡು ಸಲ ಕೆಮ್ಮಿದಳು, ದೊಡ್ಡಮ್ಮನ ಕಡೆ ಓರೆಗಣ್ಣಿನಲ್ಲಿ ನೋಡಿದಳು, ಆಮೇಲೆ ಆ ಪ್ರಾರ್ಥನೆಯನ್ನು ತಾನೇ ಎತ್ತಿಕೊಂಡಳು. ಅವಳ ಬಾಯಲ್ಲಿ ಅದು ಮದುವೆ ಮೆರವಣಿಗೆಯಾಯಿತು. ಬೆರಳು ತನ್ನಷ್ಟಕ್ಕೆ ಮೇಜು ಬಡಿಯುತ್ತಿತ್ತು. ಅವಳೊಬ್ಬಳನ್ನೇ ಬಿಡಬಾರದೆಂದು ಅಳುಮುಂಜಿ ಸೇರಿಕೊಂಡಳು. ಒಂದೊಂದು ಸಾಲಿನ ಕೊನೆಯನ್ನೂ ಬಿಕ್ಕುವಂತೆ ಎಳೆದಳು. ಒಬ್ಬಳು ದೇವರನ್ನು ಕುಣಿಸುತ್ತಿದ್ದಳು, ಇನ್ನೊಬ್ಬಳು ಅಳಿಸುತ್ತಿದ್ದಳು. ಅವರ ಅಡಿಯಲ್ಲಿ ನಾನೂ ಸಣ್ಣ ದನಿಯಲ್ಲಿ ಸೇರಿಕೊಂಡಿದ್ದು ನನಗೇ ಗೊತ್ತಿರಲಿಲ್ಲ.

"ಬಾಯಿ ಮುಚ್ಚಿ" ಎಂದರು ದೊಡ್ಡಮ್ಮ. "ಇರೋ ಮೂರು ನಿಮಿಷನೂ ಕೆಡಿಸಬೇಡಿ."

ಇಬ್ಬರೂ ಥಟ್ಟನೆ ನಿಲ್ಲಿಸಿದರು. ಕೈ ಆರಿಸುವ ಓಟದಲ್ಲಿದ್ದ ನಾನು ನಿಲ್ಲಿಸಲಿಲ್ಲ. ಒಂದು ಸಾಲು ಹಾಡಿ ಮುಗಿಸಿ ಮುಂದಿನದಕ್ಕೆ ಹೋದ ಮೇಲೆ, ಷೆಡ್ಡಿನಲ್ಲಿ ನನ್ನದೊಂದೇ ದನಿ ಎಂದು ತಿಳಿದು ಗಾಬರಿಯಾಗಿ ಬಾಯಿ ಮುಚ್ಚಿದೆ.

ದೊಡ್ಡಮ್ಮ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಐದು ದಿನದಲ್ಲಿ ಅದು ಮೊದಲ ಸಲ.

"ಆ ಎರಡು ಸಾಲಿನ ಮಧ್ಯೆ ಏನೋ ಮಾಡಿದೆಯಲ್ಲ, ಏನದು?"

"ಏನೂ ಮಾಡ್ಲಿಲ್ಲ ದೊಡ್ಡಮ್ಮ. ಅಲ್ಲಿ ಹಾಗೇ ಅಲ್ವಾ?"

"ಹಾಗೇ ಅಂದ್ರೆ?"

"ಅಲ್ಲಿ ಒಂದು ಸಲ ಮೂಗಿಂದ ಸೊರ್ ಅಂತ ಉಸಿರು ಎಳ್ಕೋತಾರೆ. ಆಮೇಲೆ ಗಂಟಲು ಸ್ವಲ್ಪ ಕೆರೆದ ಹಾಗಾಗುತ್ತೆ. ಅದಾದ ಮೇಲೆ ಮುಂದಿನ ಸಾಲು ಎತ್ಕೋತಾರೆ." ಎಲ್ಲರೂ ನನ್ನನ್ನೇ ನೋಡುತ್ತಿದ್ದುದರಿಂದ ನನ್ನ ದನಿ ಇಳಿಯುತ್ತಾ ಹೋಯಿತು. "ಅದೂ ಹಾಡೇ ಅಲ್ವಾ?"

ಕುಣಿತದಕ್ಕನಿಗೂ ನಗು ಬರಲಿಲ್ಲ.

ದೊಡ್ಡಮ್ಮ ಕೈಯಲ್ಲಿದ್ದ ಬಟಾಣಿಯನ್ನು ಮೇಜಿನ ಮೇಲಿಟ್ಟರು. "ಅದು ಹಾಡಲ್ಲ ಕಣೇ. ಅವಳಿಗೆ ಆವತ್ತು ನೆಗಡಿಯಾಗಿತ್ತು."

"ಅಯ್ಯೋ, ಹಾಗಿದ್ರೆ ಅದನ್ನ ಬಿಡ್ತೀನಿ."

"ಬಿಡಬೇಡ" ಎಂದರು. "ಇನ್ನೊಂದು ಸಲ ಹೇಳು. ಮೊದಲಿಂದ."

ನಾನು ಹಾಡಿದೆ. ಕಿಟಕಿಯ ಪಕ್ಕ ಕೂತು ಮೂರು ತಿಂಗಳು ನನ್ನ ಕಿವಿಗೆ ಏನೇನು ಬಿದ್ದಿತ್ತೋ ಅಷ್ಟನ್ನೂ ಹಾಡಿದೆ. ಯಾವುದು ಸ್ವರ, ಯಾವುದು ಸದ್ದು ಎಂದು ಬೇರೆ ಮಾಡಲು ನನಗೆ ಯಾರೂ ಕಲಿಸಿರಲಿಲ್ಲ. ಎರಡನೆಯ ಭಾಗದಲ್ಲಿ ಆ ತಂಗಿ ತಡವಾಗಿ ಸೇರಿಕೊಳ್ಳುವ ಜಾಗ, ಒಂದು ಮಾತು ಮರೆತು ಬರೀ 'ಮ್' ಎಂದು ದಾಟಿಸುವ ಜಾಗ, ಕೊನೆಯಲ್ಲಿ ನಗು ತಡೆದಂತೆ ದನಿ ನಡುಗುವ ಜಾಗ, ಯಾವುದನ್ನೂ ಬಿಡಲಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಆ 'ಮ್' ಬಂದಾಗ ಅವರ ತುಟಿ ಸಡಿಲಿತು. "ಆ ಮಾತು ಅವಳಿಗೆ ಯಾವತ್ತೂ ನೆನಪಿರ್ತಿರಲಿಲ್ಲ" ಎಂದರು, ಯಾರಿಗೋ ಹೇಳುವಂತೆ.

ಹಾಡು ಮುಗಿಯಿತು. ಕುಣಿತದಕ್ಕ ಕೈ ಮೇಜಿನ ಮೇಲೆ ಎತ್ತಿ ಹಿಡಿದುಕೊಂಡು ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ, "ಹೂಂ, ಹೊಡಿ. ಇಲ್ಲದಿದ್ರೆ ಮುಗಿದ ಹಾಗಾಗಲ್ಲ" ಎಂದರು. ಅವಳು ಮನಸಾರೆ ಬಡಿದಳು. ಬಟಾಣಿಯೆಲ್ಲ ನೆಲದ ಪಾಲಾಯಿತು. ಸದ್ದು ಕೇಳಿ ಬಂದ ಮೇಸ್ತ್ರಿ, "ಯಾವ ಕ್ಯಾಸೆಟ್ಟದು? ಪ್ರಾರ್ಥನೇನೋ, ಕುಣಿತಾನೋ?" ಎಂದರು.

"ಎರಡೂ ಅಲ್ಲ ಮೇಸ್ತ್ರಿ. ನೆಗಡಿ" ಎಂದಳು ಅಳುಮುಂಜಿ.

ಆಮೇಲೆ ನಾನು ಹಾಡುವವಳಾದೆ. ಎಷ್ಟೋ ಕಡೆ ಎಷ್ಟೋ ಜನ ನನ್ನನ್ನು ಯಾವ ಬಗೆಯ ಸಂಗೀತ ನನ್ನದೆಂದು ಕೇಳಿದ್ದಾರೆ. ಇಂಥದ್ದೆಂದು ಒಂದೇ ಮಾತಿನಲ್ಲಿ ಹೇಳಲು ಇವತ್ತಿಗೂ ಬರುವುದಿಲ್ಲ. ಹಾಡಲು ಮಾತ್ರ ಬರುತ್ತದೆ. ತಾಳವನ್ನು ಕುಣಿತದಕ್ಕ ಕೊಟ್ಟಳು, ಎಳೆತವನ್ನು ಅಳುಮುಂಜಿ ಕೊಟ್ಟಳು. ಸೌಟು ಬಿದ್ದರೂ ಸಿಡುಕುತ್ತಿದ್ದ ಅಪ್ಪ ಖಾಲಿ ಕಿವಿ ಕೊಟ್ಟು ಕಳಿಸಿದ್ದರು. ಅದು ಎಷ್ಟು ದೊಡ್ಡ ಆಸ್ತಿಯೆಂದು ತಿಳಿಯಲು ನಾನು ಬೇರೆಯವರ ಹಾಡೊಂದನ್ನು ಅಳಿಸಬೇಕಾಗಿ ಬಂತು. ನಾನು ಕಂಡೇ ಇರದ ಒಬ್ಬ ಹೆಂಗಸಿನ ಉಸಿರು ನನ್ನೊಳಗೆ ಅಡಗಿರುವುದು ತಿಳಿದಾಗ, ಮೇಜಿನ ಆ ಮೂವರೂ ನನ್ನನ್ನು ಹೊರಗೆ ಹಾಕಲಿಲ್ಲ. ಕೂರಿಸಿ, ತಪ್ಪು ಪದ ತಿದ್ದಿದರು. ಆ ಋಣವನ್ನು ನೆನೆಯದ ದಿನವಿಲ್ಲ.

ಕ್ಷಮಿಸಿದೆ ಎಂದು ದೊಡ್ಡಮ್ಮ ಬಾಯಿಬಿಟ್ಟು ಹೇಳಲಿಲ್ಲ. ನಾನು ಹಾಡಿದ ದಿನದ ಸಂಜೆ ತುಂಬಿದ ಮೂಟೆಯ ಬಾಯಿ ಹೊಲಿಯುವಾಗ, "ಬಾ ಇಲ್ಲಿ, ಆ ತುದಿ ಹಿಡ್ಕೋ" ಎಂದು ನನ್ನನ್ನು ಕರೆದರು. ನಾನು ಗೋಣಿಯ ಅಂಚುಗಳನ್ನು ಒತ್ತಿ ಹಿಡಿದೆ. ಅವರು ದಬ್ಬಣ ಚುಚ್ಚಿ ದಾರ ಎಳೆಯುತ್ತಾ, ನಾನು ಅದುವರೆಗೆ ಕೇಳಿಯೇ ಇರದ ಮೇಲಿನ ದನಿಯಲ್ಲಿ ಮೊದಲ ಸಾಲು ಗುನುಗಿದರು. ನಾನು ಅವರ ತಂಗಿಯ ಕೆಳಗಿನ ದನಿಯಲ್ಲಿ ಸೇರಿಕೊಳ್ಳಲೆಂದು, ದಾರವನ್ನು ಅಷ್ಟಕ್ಕೇ ನಿಲ್ಲಿಸಿ ಕಾದರು.