ಮಾಮಾನ ತಲೆ, ನನ್ನ ಫಾರ್ಮು

“ಮಂದಿ ಮಿಲ್ಟ್ರಿಗೆ ವೈರಿ ತಲಿ ಹಾರಸಾಕ ಹೋಗ್ತಾರ. ನನ್ನ ಅಳಿಯಾ ತಲಿಗೂದ್ಲ ಬೋಳಸಾಕ ಹೊಂಟಾನ ನೋಡ್ರೆಪಾ!”

ಗುರುಲಿಂಗ ಮಾಮಾ ಇದನ್ನು ನನ್ನ ಕಿವಿಯಲ್ಲಿ ಹೇಳಲಿಲ್ಲ. ಗೋವಾದ ಪರ್ವರಿಯಲ್ಲಿ ಫಿರ್ದೋಸ್ ಅಕ್ಕನ ಝೆರಾಕ್ಸ್ ಅಂಗಡಿಯಲ್ಲಿ, ಆಧಾರ್ ತಿದ್ದಿಸಲು, ಲೈಟ್ ಬಿಲ್ ಕಟ್ಟಲು ನಿಂತಿದ್ದ ಹದಿನೈದು ಜನರ ಎದುರು, ಕಂಪ್ಯೂಟರಿನ ಪರದೆಗೆ ಬೆರಳು ಚುಚ್ಚಿ ಹೇಳಿದ. ಪರದೆಯ ಮೇಲೆ ಸೈನ್ಯದ ಭರ್ತಿಯ ಫಾರ್ಮು ತೆರೆದಿತ್ತು. ಹೆಸರು ಪರಮಣ್ಣ, ಹತ್ತನೇ ಪಾಸು, ಟ್ರೇಡ್ ಹೇರ್ ಡ್ರೆಸರ್. ಇನ್ನೊಂದು ಬಟನ್ ಒತ್ತಿದ್ದರೆ ಮುಗಿಯುತ್ತಿತ್ತು.

ಜನ ನಕ್ಕರು. ಮುದಿ ಗೌಂಡಿ ನಾನಪ್ಪ ಕೆಮ್ಮುತ್ತ ಕೆಮ್ಮುತ್ತ ನಕ್ಕ. ಹೋದ ಭಾನುವಾರವಷ್ಟೇ ಅವನ ಕೂದಲನ್ನು ನಾನೇ ಕತ್ತರಿಸಿದ್ದೆ, ಪುಕ್ಕಟೆ. ಆ ತಲೆ ಇಟ್ಟುಕೊಂಡೇ ನಕ್ಕ.

ನನಗೆ ಸಿಟ್ಟು ಬರಲು ಇಷ್ಟೆಲ್ಲ ಬೇಕಾಗಿಲ್ಲ. ಸಿಟ್ಟಿಗೇ ಓದು ಬಿಟ್ಟವನು ನಾನು. ಹತ್ತನೇ ಪಾಸಾಗಿ ಕಾಲೇಜಿಗೆ ಹೋದ ಮೂರನೇ ದಿನ ಒಬ್ಬ ಸರ್ ನನ್ನನ್ನು ಎಲ್ಲರ ಮುಂದೆ ‘ಸೆಂಟ್ರಿಂಗ್‌ವಾಲಾ’ ಎಂದು ಕರೆದರು. ನಾನು ಚೀಲ ಎತ್ತಿಕೊಂಡು ಹೊರಬಿದ್ದು ಅಪ್ಪನ ಜೊತೆ ಖರೇನೇ ಸೆಂಟ್ರಿಂಗ್ ಕೆಲಸಕ್ಕೆ ನಿಂತೆ. ಆ ಸರ್‌ಗೆ ಇದರಿಂದ ಏನೂ ಆಗಲಿಲ್ಲ.

“ಅಕ್ಕಾ, ಅದನ್ನ ತಗಿ. ಜನರಲ್ ಡ್ಯೂಟಿ ಹಾಕು. ಬಂದೂಕ ಹಿಡಿಯೂದು.”

ಫಿರ್ದೋಸ್ ಅಕ್ಕ ಕನ್ನಡಕದ ಮೇಲಿಂದ ನೋಡಿದಳು. “ನಿಂದು ನಲವತ್ತಾರು ಪರ್ಸೆಂಟ್ ಐತಿ, ನಡೀತೈತಿ. ಆದ್ರ ಎರಡರಾಗ ಒಂದಕ್ಕಷ್ಟ ಹಾಕಬೇಕು. ಒತ್ತಿದಮ್ಯಾಲೆ ತಿರುಗಿ ಬಾ ಅಂದ್ರ ಬರಂಗಿಲ್ಲ.”

“ಬದಲಿ ಮಾಡಂದ್ರ ಮಾಡಕ್ಕಾ.”

ಅವಳು ಬದಲಿಸಲು ಹೋದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.

“ಹ್ಯಾಂಗ್ ಆತು. ಇವತ್ತ ಐದಕ್ಕ ಕಡೀ ನೋಡು, ದೇಶದಾಗಿನ ಹುಡುಗೋರೆಲ್ಲ ಈಗ ಕುಂತು ಒತ್ತಾಕತ್ತಾರ. ಹೊರಗ ನಿಂದ್ರು, ಕರೀತೇನಿ.”

ಆಗ ಮೂರೂವರೆ. ನಾನು ಅಂಗಡಿಯ ಮೆಟ್ಟಿಲ ಮೇಲೆ ಬಂದು ಕುಳಿತೆ. ಹಿಂದೆಯೇ ಮಾಮಾ ಬಂದ. ಈಗ ದನಿ ಮಾತ್ರ ಬೇರೆ.

“ಸಿಟ್ಟಾದಿ ಏನೋ? ಚ್ಯಾಷ್ಟಿ ಮಾಡಿದೆ ಬಿಡೋ. ನಾಳೆ ಬಾದಾಮಿಯಿಂದ ನನ್ನ ಮಗಳು ಅಂಬಿಕಾನ್ನ ನೋಡಾಕ ಬೀಗರು ಬರ್ತಾರ. ಮಾರ್ಕೆಟ್ಟಿನ ಸಲೂನ್‌ದಾಂವ ನನ್ನ ಮುಟ್ಟವಲ್ಲ. ಈ ತಲಿಗೆ ಮಷಿನ್ ಹಚ್ಚಿದ್ರ ಮಷಿನ್ನ ಹೋಗತೈತಿ ಅಂದಾ.”

ಹೀಗೆಂದು ಟೋಪಿ ತೆಗೆದ. ನಾನು ಎದ್ದು ನಿಂತೆ. ನಿನ್ನೆ ಅವನು ಛತ್ತಿನ ಒಳಮೈಗೆ ಪ್ಲಾಸ್ಟರ್ ಹೊಡೆದಿದ್ದ. ಉದುರಿದ ಸಿಮೆಂಟೆಲ್ಲ ತಲೆಯ ಮೇಲೆ ಗಟ್ಟಿಯಾಗಿ ಕೂತಿತ್ತು.

“ತಲಿಗೆ ನೀರ ಹಾಕ್ಕೊಂಡಿಯೇನು?”

“ಧೂಳ ಹೋಗಲಿ ಅಂತ ರಾತ್ರಿ ಎರಡ ಚರಿಗಿ, ಮುಂಜಾನೆ ಎರಡ ಚರಿಗಿ.”

“ಮಾಮಾ, ಇಪ್ಪತ್ತ ವರ್ಷ ಗೌಂಡಿಕಿ ಮಾಡಿದಿ. ಸಿಮೆಂಟಿಗೆ ನೀರ ಹಾಕಿದ್ರ ಏನಾಕ್ಕೈತಿ?”

ಮಾಮಾ ತಲೆ ತಟ್ಟಿ ನೋಡಿಕೊಂಡ. ಬಾಗಿಲಲ್ಲಿ ಇಣುಕುತ್ತಿದ್ದ ನಾನಪ್ಪ ಅವನ ಪರವಾಗಿ ಉತ್ತರ ಕೊಟ್ಟ: “ಕ್ಯೂರಿಂಗ್ ಭಾಳ ಚಲೋ ಆಗೇತಿ! ಇನ್ನ ಇದರ ಮ್ಯಾಲ ಎರಡ ಅಂತಸ್ತ ಏರಸಬಹುದು!”

ಈ ಸಲ ಹದಿನೈದು ಜನವೂ ನಕ್ಕದ್ದು ಮಾಮಾನನ್ನು ನೋಡಿ. ನನಗೂ ತಡೆಯಲಾಗಲಿಲ್ಲ.

ಕತ್ತರಿಯ ಚೀಲ ಯಾವಾಗಲೂ ನನ್ನ ಹೆಗಲಲ್ಲೇ ಇರುತ್ತದೆ. ಪಕ್ಕದ ಅಂಗಡಿಯಿಂದ ಒಂದು ಬಾಟಲಿ ತೆಂಗಿನ ಶಿರ್ಕಾ ತರಿಸಿದೆ, ಇಲ್ಲಿಯವರು ಮೀನಿಗೆ ಹಚ್ಚುವ ವಿನೆಗರ್. ಫಿರ್ದೋಸ್ ಅಕ್ಕನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಾಮಾನನ್ನು ಕೂರಿಸಿ ಕೊರಳಿಗೆ ಟವಲ್ ಸುತ್ತಿದೆ. ನಮ್ಮ ಗೌಂಡಿ ಮಂದಿಯ ತಲೆಗೆ ಮೊದಲು ಒಣ ಬ್ರಷ್ ಆಡಿಸಬೇಕು, ನೀರು ಆಮೇಲೆ. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಮೂರು ಕತ್ತರಿ ಹಾಳು ಮಾಡಿ ಕಲಿತೆ. ಆದರೆ ನೀರು ಕುಡಿದು ಕಲ್ಲಾದ ತಲೆಗೆ ಬ್ರಷ್ಷೂ ನಡೆಯುವುದಿಲ್ಲ. ಶಿರ್ಕಾ ಹಚ್ಚಿ, ಒಂದೊಂದೇ ಗಂಟನ್ನು ಬೆರಳಲ್ಲಿ ನುರಿದು ಬಿಡಿಸಬೇಕು. ಅವಸರ ಮಾಡಿದರೆ ಚರ್ಮ ಕಿತ್ತುಬರುತ್ತದೆ.

“ಉರೀತೈತೋ! ಮೀನಕ್ಕ ಮಸಾಲಿ ಹಚ್ಚಿದಂಗ ಹಚ್ಚಾಕತ್ತಿಯಲ್ಲೋ!”

“ಅಲಗಾಡಬ್ಯಾಡ.”

“ಅಲ್ಲೋ ಪರಮಣ್ಣ, ನಮ್ಮ ಮನಿತನದಾಗ ಯಾರೂ ಕತ್ತರಿ ಹಿಡದಿಲ್ಲ.”

“ನಮ್ಮ ಮನಿತನದಾಗ ತಲಿ ಮ್ಯಾಲ ಗ್ವಾಡಿ ಕಟ್ಟಿದವರೂ ಇಲ್ಲ. ನೀನ ಮೊದಲ.”

ಮತ್ತೆ ನಗು. ಒಬ್ಬ ಬೈಕ್ ನಿಲ್ಲಿಸಿಕೊಂಡು ನೋಡತೊಡಗಿದ. ನಾನು ಗಂಟು ಬಿಡಿಸುತ್ತ ಹೋದೆ. ಎಡಗಿವಿಯ ಹಿಂದೆ ಒಂದು ದೊಡ್ಡದಿತ್ತು, ಅಡಿಕೆಯಷ್ಟು. ಅದು ಪುಡಿಯಾಗಿ ಅಂಗೈಗೆ ಬಂದಾಗ ನನಗೇ ಗೊತ್ತಿಲ್ಲದೆ ಸೀಟಿ ಹೊಡೆಯುತ್ತಿದ್ದೆ. ಅರ್ಧ ಗಂಟೆಯ ಹಿಂದೆ ಇದೇ ತಲೆಯನ್ನು ಗೋಡೆಗೆ ಗುದ್ದಬೇಕೆನ್ನಿಸಿತ್ತು. ಸೆಂಟ್ರಿಂಗ್ ಹಲಗೆ ಬಡಿಯುವಾಗ, ಮುಂಜಾನೆ ಮೈದಾನದಲ್ಲಿ ಓಡುವಾಗ, ಉಣ್ಣುವಾಗ ಕೂಡ ನನ್ನೊಳಗೆ ಯಾರ ಜೊತೆಗಾದರೂ ಜಗಳ ನಡೆದೇ ಇರುತ್ತದೆ. ಕತ್ತರಿ ಕೈಗೆ ಬಂದರೆ ನಿಲ್ಲುತ್ತದೆ. ಬಂದೂಕು ಹಿಡಿದರೂ ನಿಲ್ಲುತ್ತದೆಯೇ? ನಾನದನ್ನು ಕೇಳಿಕೊಂಡೇ ಇರಲಿಲ್ಲ. ಮಾಮಾ ಅಂದ, ನಾನು ಬದಲಿಸು ಅಂದೆ. ಸರ್ ಅಂದರು, ನಾನು ಚೀಲ ಎತ್ತಿಕೊಂಡೆ.

ಬಲಗಡೆ ಪೂರ್ತಿ ಮುಗಿದು ಎಡಗಡೆಗೆ ಕತ್ತರಿ ಹಾಕಬೇಕು, ಒಳಗಿಂದ ಕೂಗು ಬಂತು.

“ಪರಮಣ್ಣಾ, ತೆರೀತು! ಹದಿನೈದ ಮಿನಿಟ್ ಉಳದೈತಿ. ಲಗೂನ ಬಾ!”

“ಜನರಲ್ ಡ್ಯೂಟಿನ ಹಾಕೋ!” ಅರ್ಧ ತಲೆಯ ಮಾಮಾ ಸ್ಟೂಲಿನಿಂದಲೇ ಕೂಗಿದ. “ಬೀಗರಿಗೆ ಹೇಳಾಕ ಚಲೋ ಆಕ್ಕೈತಿ!”

ನಾನು ಒಳಗೆ ಹೋದೆ. ಶಿರ್ಕಾದ ವಾಸನೆಗೆ ಫಿರ್ದೋಸ್ ಅಕ್ಕ ಮೂಗು ಮುಚ್ಚಿಕೊಂಡಳು. “ಬಂದೂಕ ಹೌದಿಲ್ಲೋ? ಬದಲಿ ಮಾಡ್ಲಿ?”

“ಬ್ಯಾಡಕ್ಕಾ. ಮೊದಲ ಇದ್ದದ್ದ ಇರಲಿ. ಹೇರ್ ಡ್ರೆಸರ್.” ಹೊರಗಿನ ಬೈಕಿನವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

“ನೋಡು, ತಿರುಗಿ ಬಾ ಅಂದ್ರ…”

“ಬಾ ಅನ್ನಂಗಿಲ್ಲ. ಒತ್ತು.”

ಒತ್ತಿದಳು. ಪ್ರಿಂಟರ್ ಗೊರಗೊರ ಎಂದು ಬಿಸಿ ಕಾಗದವನ್ನು ಹೊರಹಾಕಿತು.

ಅರ್ಧ ತಲೆಯಲ್ಲೇ ಮಾಮಾನನ್ನು ಬಿಟ್ಟು ಹೋಗಬಹುದಿತ್ತು. ಮನಸ್ಸು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಹಳ ಬಂತು. ಆದರೆ ಹೇರ್ ಡ್ರೆಸರ್ ಎಂದು ಬರೆಸಿ ಎರಡು ನಿಮಿಷವೂ ಆಗಿರಲಿಲ್ಲ. ಎಡಗಡೆಯನ್ನು ಬಲಗಡೆಗಿಂತ ನುಣ್ಣಗೆ ಮುಗಿಸಿದೆ. ಕಿವಿಯ ಅಂಚನ್ನು ಬ್ಲೇಡಿನಿಂದ ಗೆರೆ ಎಳೆದಂತೆ ತಿದ್ದಿದೆ. ನಾನಪ್ಪ ಸುತ್ತ ಒಂದು ಸುತ್ತು ಹಾಕಿ, ಗೋಡೆಯ ನೇರ ನೋಡಲು ತೂಗುಗುಂಡು ಬಿಟ್ಟವನಂತೆ ಒಂದು ಕಣ್ಣು ಮುಚ್ಚಿ, “ಒಳಂಬ ಬರೋಬ್ಬರಿ ಐತಿ,” ಎಂದ.

ಮಾಮಾ ಬೈಕಿನವನ ಕನ್ನಡಿಗೆ ಬಗ್ಗಿ ಆ ಕಡೆ ಈ ಕಡೆ ಮುಖ ತಿರುವಿ ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ.

“ಹತ್ತ ವರ್ಷ ಸಣ್ಣಾಂವ ಕಾಣ್ತೇನಲ್ಲೋ,” ಎಂದವನು ಟವಲ್ ಕೊಡವುತ್ತ ಹತ್ತಿರ ಬಂದ. “ಇಲ್ಲಿ ಕೇಳು. ನಾಳೆ ನಿನ್ನೂ ಬೀಗರ ಮುಂದ ಕುಂದ್ರಸ್ತೇನಿ. ನನ್ನ ಅಳಿಯಾ ಗಡಿನಾಗ ಬಂದೂಕ ಹಿಡ್ಕೊಂಡ ನಿಂದರಾಂವ ಅಂತ ಹೇಳ್ತೇನಿ. ನೀ ನಡುವ ಬಾಯಿ ಹಾಕಬ್ಯಾಡ. ತಿಳೀತಿಲ್ಲೋ?”

ಕತ್ತರಿ ಒರೆಸಿ ಚೀಲಕ್ಕೆ ಹಾಕಿದೆ. ಕಾಗದವನ್ನು ಎರಡು ಮಡಿಕೆ ಮಾಡಿ ಜೇಬಿಗಿಟ್ಟೆ. ಭರ್ತಿಯಲ್ಲಿ ಓಟ ಎಲ್ಲರಿಗೂ ಇರುತ್ತದೆ, ಹೇರ್ ಡ್ರೆಸರ್‌ಗೂ. ಮೈದಾನದಲ್ಲಿ ಇನ್ನೂ ಒಂದು ತಾಸು ಬೆಳಕಿತ್ತು.

“ಏ ಪರಮಣ್ಣಾ! ಬೀಗರಿಗೆ ಏನಂತ ಹೇಳ್ಲೋ?”

ಮೆಟ್ಟಿಲು ಇಳಿದು ಮೈದಾನದ ಕಡೆ ನಡೆದೆ.