ಕೆಂಚಿಯ ಮೂಗಿನ ಮುಂದೆ

ಬೇಲಿಯಾಚೆ ಹಸಿರು ಟವೆಲು ಮತ್ತೆ ಮೇಲೆದ್ದಿತು — ಗಾಳಿಗಲ್ಲ, ಅಪ್ಪನ ಕೈ ಅದು, ಬೀಸುತ್ತಿದ್ದಾನೆ, ಸೇಲಂನ ಇಷ್ಟು ದೊಡ್ಡ ಮೈದಾನದಲ್ಲಿ ಇಷ್ಟು ಜನರ ಎದುರು ಬೀಸುತ್ತಿದ್ದಾನೆ, ಗುರಿ ತಪ್ಪಿದ ಮಗಳಿಗೆ ಭೇಷ್ ಎನ್ನುವ ತಂದೆ ಈ ಸೀಮೆಯಲ್ಲಿ ಇನ್ನೊಬ್ಬನಿರಲಾರ, ಭೇಷ್ ಕಣಮ್ಮೀ, ಕೂದ್ಲೆಳೇಲಿ ಓಯ್ತು, ತಾಗ್ಲೇ ಇಲ್ಲ! — ಸರಿತಾ ಚೆಂಡನ್ನು ಪ್ಯಾಂಟಿಗೆ ಉಜ್ಜಿದಳು, ಉಜ್ಜಿದ ಕಡೆಯೇ ಮತ್ತೆ ಉಜ್ಜಿದಳು, ಹಿಂದೆ ಸಾಲಿನಲ್ಲಿ ನಿಂತ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದಾರೆ, ಯಾರುಡೀ ಅದು, ಉಂಗಪ್ಪಾವಾ, ನಿಮ್ಮಪ್ಪನಾ, ಎಂದು ಒಬ್ಬಳು ಕೇಳಿಯೂ ಬಿಟ್ಟಳು, ಇವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಹೆತ್ತ ತಂದೆಯ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳುವುದೂ ಒಂದು ಬಗೆಯ ಸುಳ್ಳೇ, ಅದು ಅವಳಿಗೆ ಗೊತ್ತಿದೆ, ಗೊತ್ತಿದ್ದೂ ಸುಮ್ಮನಿದ್ದಾಳೆ, ಆ ಸಿಟ್ಟು ಬೇರೆ. ಆಯ್ಕೆಗಾರರ ನಿಯಮದಲ್ಲಿ ಯಾವ ಗೊಂದಲವೂ ಇಲ್ಲ — ಬ್ಯಾಟು ಹಿಡಿದವರಿಲ್ಲ, ಆ ತುದಿಯಲ್ಲಿ ಒಂಟಿ ಸ್ಟಂಪು, ಅದನ್ನು ಒಮ್ಮೆಯಾದರೂ ಬೀಳಿಸಿದವರು ಜಿಲ್ಲಾ ತಂಡಕ್ಕೆ, ಬೀಳಿಸದವರು ಬಸ್ ಸ್ಟ್ಯಾಂಡಿಗೆ. ಬರುವ ವರ್ಷ ಅವಳಿಗೆ ವಯಸ್ಸು ಮೀರುತ್ತದೆ. ಕೈಯಲ್ಲಿರುವುದು ಕಡೆಯ ಚೆಂಡು. ಇದುವರೆಗೆ ಹಾಕಿದ್ದೆಲ್ಲ ಎಡಕ್ಕೆ, ಸ್ಟಂಪಿನಿಂದ ಒಂದು ಬೆರಳಿನಷ್ಟು ಎಡಕ್ಕೆ, ಒಮ್ಮೆ ಎರಡು ಬೆರಳಾಗಲಿ, ಒಮ್ಮೆ ಒಂದು ಮೊಳವಾಗಲಿ ಆಗಿದ್ದರೆ ಕಲಿಯದವಳೆಂದು ಸಮಾಧಾನ ಪಡಬಹುದಿತ್ತು, ಇಲ್ಲ, ಪ್ರತಿ ಸಲವೂ ಅದೇ ಬೆರಳು, ಅಳೆದು ಹಾಕಿದ ಹಾಗೆ, ಮತ್ತು ಪ್ರತಿ ಸಲವೂ ಆ ಟವೆಲು!

ಮೈದಾನದ ಅಂಚಿನಲ್ಲಿ ನಾಗರಾಜನ್ ಮೇಷ್ಟ್ರು ಎರಡೂ ಕೈ ತಲೆಯ ಮೇಲಿಟ್ಟು ನಿಂತಿದ್ದಾರೆ, ಕೊಳತ್ತೂರಿನ ಶಾಲೆಯಲ್ಲಿ ಅವಳಿಗೆ ಡ್ರಿಲ್ ಕಲಿಸಿದವರು, ನಿವೃತ್ತರಾದ ಮೇಲೂ ಅವಳನ್ನು ಬಿಡದವರು, ಈಗ ಬಾಯಿ ತೆರೆಯುತ್ತಾರೆ, ಏನು ಹೇಳುತ್ತಾರೆಂದು ಅವಳಿಗೆ ಬಾಯಿಪಾಠ — ಎಂಗಮ್ಮಾ ಪೋಚ್ಚು ಮನಸು, ಎಲ್ಲಿಗೆ ಹೋಯಿತು ನಿನ್ನ ಮನಸ್ಸು — ಎಲ್ಲಿಗೂ ಹೋಗಿಲ್ಲ ಸಾರ್, ಇಲ್ಲೇ ಇದೆ, ಆ ಸ್ಟಂಪಿನ ಮೇಲೆಯೇ ಇದೆ, ಅದರ ಬುಡದಲ್ಲಿ ಸೀಳಿರುವುದೂ ತುದಿಯಲ್ಲಿ ಬಣ್ಣ ಹೋಗಿರುವುದೂ ಇಲ್ಲಿಂದಲೇ ಕಾಣುತ್ತಿದೆ, ಮನಸ್ಸಿಟ್ಟವಳನ್ನು ಮನಸ್ಸಿಡು ಎಂದು ಗದರುವುದು ಉಂಡವನನ್ನು ಉಣ್ಣಲಿಲ್ಲವೆಂದು ದಂಡಿಸಿದ ಹಾಗೆ, ಇದು ಯಾವ ನ್ಯಾಯ? ಮಾಡೆಂದದ್ದನ್ನೆಲ್ಲ ಮಾಡಿದ್ದಾಳೆ. ಸುಣ್ಣದ ಗೋಡೆಯ ಮೇಲೆ ಮಸಿಯ ಬೊಟ್ಟಿಟ್ಟು ಕಣ್ಣು ಮಿಟುಕಿಸದೆ ನೋಡಮ್ಮಾ ಎಂದರು, ನೋಡಿದಳು, ಅಜ್ಜಿ ಸೊಣ್ಣಮ್ಮ ಬಂದು, ಏನ್ಲೇ, ಗೋಡೆಗ್ ಮದ್ವೆ ಆಗ್ತೀಯಾ, ಎದ್ದು ಮರೀಗೆ ಸೊಪ್ಪಾಕು ಎಂದು ಬೆನ್ನಿಗೊಂದು ಗುದ್ದಿದಳು. ಓಮಲೂರಿನಲ್ಲಿ ಒಬ್ಬ ಭಾಷಣಕಾರ ಬಂದಿದ್ದ, ಕಣ್ಣು ಮುಚ್ಚಿ ದೀಪದ ಕುಡಿಯನ್ನು ಕಾಣಿರಿ, ಸೋಲನ್ನು ಅದರಲ್ಲಿ ಸುಡಿರಿ ಎಂದ, ಎಲ್ಲರಿಗೂ ದೀಪ ಕಂಡಿತಂತೆ, ಅವಳಿಗೆ ಕಂಡದ್ದು ಕೆಂಚಿ, ಅಪ್ಪನ ಮಂದೆಯ ಮುಂದಿನ ಕುರಿ, ಮೂಗಿನ ಮುಂದೆ ಒಂದು ಹಿಡಿ ಧೂಳೆದ್ದು ಬೆಚ್ಚಿ ನಿಂತ ಕೆಂಚಿ, ಇದನ್ನು ಯಾರೆದುರು ಹೇಳುವುದು, ನನಗೂ ದೀಪವೇ ಕಂಡಿತು ಸಾರ್ ಎಂದುಬಿಟ್ಟಳು.

ಮೊಣಕೈ — ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ — ಕುರಿ ಕಾಯುವವರ ಕೈ ಕಲ್ಲೆಸೆದು ಬೆಳೆದ ಕೈ, ಮಡಚಿಯೇ ಎಸೆಯುತ್ತದೆ, ಅವಳೂ ಮೊದಲು ಹಾಗೆಯೇ ಎಸೆಯುತ್ತಿದ್ದಳು, ಮೇಷ್ಟ್ರು ಮೊದಲ ದಿನವೇ ಚೆಂಡು ಕಿತ್ತುಕೊಂಡರು, ಕೈ ಮಡಕ್ಕಿನಾ ಅದು ಬೌಲಿಂಗ್ ಇಲ್ಲೆ, ತಿರುಟ್ಟು, ಎಂದರು, ಕಳ್ಳತನ ಎಂದರು, ಆ ಒಂದು ಮಾತಿಗೆ ಅವಳು ಅವರನ್ನು ಇವತ್ತಿಗೂ ಗೌರವಿಸುತ್ತಾಳೆ, ಮೊಣಕೈಗೆ ಬಿದಿರಿನ ದಬ್ಬೆ ಕಟ್ಟಿಕೊಂಡು ನೀರು ಹೊತ್ತಳು, ದಬ್ಬೆ ಕಟ್ಟಿಕೊಂಡೇ ಅಣೆಕಟ್ಟಿನ ನೀರಿಳಿದ ಬಯಲಿನಲ್ಲಿ ಓಡಿ ಓಡಿ ಬೌಲ್ ಮಾಡಿದಳು, ಚರ್ಮ ಸುಲಿಯಿತು, ಕೈ ನೆಟ್ಟಗಾಯಿತು. ನೆಟ್ಟಗಾದ ಕೈಗೆ ಲೋಕ ಕೊಟ್ಟ ಮರ್ಯಾದೆ ಏನು? ಇವಳಿಗಿಂತ ಮುಂಚೆ ಬಂದ ಕನ್ನಡಕದ ಹುಡುಗಿ ಎಲ್ಲರೂ ನೋಡುತ್ತಿರುವಂತೆ ಮೊಣಕೈ ಮಡಚಿ ಎಸೆದಳು, ಸ್ಟಂಪು ಹಾರಿತು, ಶಾಮಿಯಾನದ ಕೆಳಗಿನ ಆಯ್ಕೆಗಾರರು ಬೋಂಡ ಅಗಿಯುತ್ತ ತಲೆಯಾಡಿಸಿದರು, ಸೂಪರ್ ಮಾ ಎಂದೂ ಒಬ್ಬರು ಅಂದರು, ತಪ್ಪನ್ನು ಕಂಡೂ ಕಾಣದಂತಿರುವವರ ಬಾಯಿ ಎಷ್ಟು ಸಲೀಸಾಗಿ ಅಗಿಯುತ್ತದೆ! ಹಾಗೆಂದು ನಾನೂ ಮಡಚಿದರೆ? — ಇಲ್ಲ. ನೋಡುವವರಿಲ್ಲವೆಂದು ಮಾಡುವುದಾದರೆ ಆ ಬಿದಿರಿನ ದಬ್ಬೆಗೆ ಏನರ್ಥ? ಮಡಚಿದರೂ ಫಲವಿಲ್ಲವೆಂಬುದು ಬೇರೆ ಮಾತು, ಅದನ್ನೂ ನೋಡಿಯಾಗಿದೆ, ಹೋದ ತಿಂಗಳು ನೆಟ್ಸಿನಲ್ಲಿ ಮೇಷ್ಟ್ರ ತಾಳ್ಮೆಯೇ ಹರಿದು, ಸರಿ, ಬೌಲಿಂಗೇ ಬೇಡ, ಕುರಿಗೆ ಕಲ್ಲು ಹಾಕುವ ಹಾಗೆ ಹಾಕು, ಕೈಯ ದೋಷವೋ ತಲೆಯ ದೋಷವೋ ಗೊತ್ತಾಗಲಿ ಎಂದರು, ಅವಳು ಹಳೆಯ ಹಾಗೆ ಕೈ ಮಡಚಿ ರಪ್ಪನೆ ಎಸೆದಳು — ಎಡಕ್ಕೆ, ಒಂದು ಬೆರಳು. ಮೇಷ್ಟ್ರು ನೆಲದ ಮೇಲೆ ಕುಳಿತುಬಿಟ್ಟರು. ಕಡವುಳೇ ಎಂದರು, ದೇವರೇ ಎಂದರು, ಅವಳ ಮುಖ ನೋಡಲಿಲ್ಲ.

ನೆಲದ ಮೇಲೆ ನಾಣ್ಯವಿಟ್ಟರೆ ನಾಣ್ಯದ ಮೇಲೆಯೇ ಬೀಳುತ್ತದೆ, ಕರ್ಚೀಫು ಹಾಸಿದರೆ ಕರ್ಚೀಫಿನ ನಡುವೆ, ಬಯಲ ನೆಲಕ್ಕೆ ಅವಳ ಕೈ ಎಂದೂ ಸುಳ್ಳು ಹೇಳಿದ್ದಿಲ್ಲ, ನಿಂತ ಸ್ಟಂಪನ್ನು ಕಂಡರೆ ಮಾತ್ರ ಬಿಡುವ ಗಳಿಗೆಯಲ್ಲಿ ಮಣಿಕಟ್ಟು ತಾನಾಗಿ ಹೊರಳುತ್ತದೆ. ಹಾಗಾದರೆ ಬಲಕ್ಕೆ ಹಾಕಮ್ಮಾ, ಒಂದು ಬೆರಳು ಬಲಕ್ಕೆ! ಎಂದರು ಮೇಷ್ಟ್ರು. ಹಾಕಿದಳು, ಬಲಗಡೆ ಇದ್ದದ್ದು ಬರಿಯ ಬಯಲು, ಬಯಲಿಗೆ ಮಣಿಕಟ್ಟು ಹೊರಳಲಿಲ್ಲ, ಚೆಂಡು ಬಲಕ್ಕೇ ಹೋಯಿತು, ಒಂದು ಬೆರಳು. ಇದುವರೆಗೆ ಒಂದೇ ಒಂದು ದಿನ ಸ್ಟಂಪು ಮುರಿದದ್ದು, ಅಂದು ಮೆಟ್ಟೂರು ಬಸ್ಸಿನ ಕಂಡಕ್ಟರು ಅಪ್ಪನನ್ನು, ಏಯ್ ಕುರಿಕ್ಕಾರಾ, ಮೂಟೆಯ ಜೊತೆ ಹಿಂದೆ ನಿಲ್ಲು ಎಂದಿದ್ದ, ಅಪ್ಪ ನಕ್ಕು ಹಿಂದೆ ಹೋಗಿ ನಿಂತಿದ್ದ, ಆ ನಗು ನೆನೆದು ನೆನೆದು ಕುದಿಯುತ್ತ, ಚೆಂಡು ಎತ್ತ ಹೋಗುತ್ತದೆಂಬ ಪರಿವೆಯೇ ಇಲ್ಲದೆ ಹಾಕಿದ್ದಳು, ಟಪ್ಪೆಂದು ಸ್ಟಂಪು ಎರಡು ತುಂಡು, ಮೇಷ್ಟ್ರು ಕುಣಿದಾಡಿ, ನೋಡಿದೆಯಾ, ಇದೇ ಗಮನ, ಇದೇ ಏಕಾಗ್ರತೆ ಎಂದಿದ್ದರು! ಗಮನವಿಟ್ಟರೆ ತಪ್ಪುತ್ತದೆ, ಕಳೆದರೆ ತಾಗುತ್ತದೆ, ತಾಗಿದ್ದಕ್ಕೆ ಗಮನವೆಂದು ಹೆಸರಿಡುತ್ತಾರೆ, ತಪ್ಪಿದ್ದಕ್ಕೆ ಚಂಚಲತೆಯೆಂದು, ಕಲಿಸುವವರ ಶಬ್ದಗಳೇ ಹೀಗೆ ತಲೆಕೆಳಗಾಗಿದ್ದರೆ ಕಲಿಯುವವಳು ಯಾವ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು!

ನೆಕ್ಸ್ಟ್ ಬಾಲ್, ಲೇಟ್ ಪಣ್ಣಾದೀಂಗ, ತಡ ಮಾಡಬೇಡಿ ಎಂದು ಶಾಮಿಯಾನದಿಂದ ಕೂಗು. ಅವಳು ಓಟ ಶುರುಮಾಡುವ ಗುರುತಿನತ್ತ ನಡೆದಳು, ಬೇಲಿ ಹತ್ತಿರವಾಯಿತು, ಅಪ್ಪ ಬೈರಪ್ಪ ಕಂಬಿಗಳ ನಡುವೆ ಮುಖ ತೂರಿಸಿದ್ದಾನೆ, ಬೆಳಗ್ಗೆ ಮಂದೆಯನ್ನು ಚಿಕ್ಕಪ್ಪ ಮುನಿಯಪ್ಪನಿಗೆ ಒಪ್ಪಿಸಿ ಬಂದವನು, ಕಿವಿಯ ಮೇಲೆ ಇನ್ನೂ ಬೀಡಿ, ಮಗಳ ಕಣ್ಣಿನ ಕೆಂಡ ಅವನಿಗೆ ಕಾಣುತ್ತಲೇ ಇಲ್ಲ. ಅಪ್ಪಾ, ಸುಮ್ನಿರಪ್ಪಾ, ಅದ್ನ ಒಡೀಬೇಕು, ತಪ್ಪುಸ್ಬಾರ್ದು, ಟವಲ್ ಇಳ್ಸು ಎಂದಳು, ಹಲ್ಲು ಕಚ್ಚಿ. ಅಪ್ಪ ಬೆಪ್ಪಾದ. ಒಡ್ಯದಾ? ಅಷ್ಟ್ ಚೆಂದಾಗಿ ಮೂಗ್ ಮುಂದ್ಕೇ ಬೀಳ್ತಾ ಐತಲ್ಲಮ್ಮೀ, ನಿಮ್ಮಜ್ಜಿ ಕೈಯೇ ಅದು, ಇನ್ನೇನ್ ಬೇಕಂತೆ ಆ ಸಾರ್‌ಗೆ? — ಥೂ, ಮೂಗಂತೆ, ಮರದ ಕಡ್ಡಿಗೆ ಎಲ್ಲಿಯ ಮೂಗು, ಎಲ್ಲಿಯ ಅಜ್ಜಿ, ಎಂದು ತಿರುಗಿದವಳು ಗುರುತಿನ ಮೇಲೆ ಹಾಗೆಯೇ ನಿಂತುಬಿಟ್ಟಳು.

ಮೂಗಿನ ಮುಂದಕ್ಕೆ. ಅಣೆಕಟ್ಟಿನ ಬಯಲು, ಇಳಿದ ನೀರಿನ ಪಸೆಗೆ ಚಿಗುರಿದ ಹುಲ್ಲು, ಮಂದೆ ಮೇಯುತ್ತ ಮೇಯುತ್ತ ಎಡಕ್ಕೇ ವಾಲುತ್ತದೆ, ಯಾವಾಗಲೂ ಎಡಕ್ಕೇ, ಎಡಕ್ಕೆ ಪಳನಿಯಪ್ಪನ್ ಅವರ ರಾಗಿ ಹೊಲ, ಕೆಂಚಿ ಮುಂದೆ, ಕೆಂಚಿ ನುಗ್ಗಿದರೆ ಮಂದೆಯೆಲ್ಲ ನುಗ್ಗಿದ ಹಾಗೆ, ಕಲ್ಲೆಸೆ ಸರೀತಾ ಎಂದು ಅಪ್ಪ ದೂರದಿಂದ ಕೂಗುತ್ತಾನೆ, ಎಸೆಯುತ್ತಾಳೆ, ಎಷ್ಟು ಸಣ್ಣವಳು ಆಗ, ಲಂಗದ ಮಡಿಲ ತುಂಬ ಕಲ್ಲು, ಕೆಂಚಿಯ ಮೂಗಿನ ಮುಂದೆ ಒಂದು ಬೆರಳು ಬಿಟ್ಟು ಫಕ್ಕೆಂದು ಧೂಳು, ಕೆಂಚಿ ಬೆಚ್ಚಿ ನಿಲ್ಲುತ್ತದೆ, ತಿರುಗುತ್ತದೆ. ದೂರ ಬಿದ್ದರೆ ಕುರಿ ತಿರುಗುವುದಿಲ್ಲ, ತಾಗಿದರೆ — ತಾಗಿದರೆ ಮನೆಯ ಕಟ್ಟಳೆ ಗೊತ್ತಲ್ಲ, ಕುರಿಗೆ ಕಲ್ಲು ತಾಗಿಸಿದ ಕೈ ಅಂದು ರಾತ್ರಿ ತಟ್ಟೆ ಮುಟ್ಟುವ ಹಾಗಿಲ್ಲ, ಅಜ್ಜಿ ಮೊಗಸಾಲೆಯಲ್ಲಿ ಎಲ್ಲರೆದುರು ತುತ್ತು ಮಾಡಿ ತಿನ್ನಿಸುತ್ತಾಳೆ, ಮೀಸೆ ಹೊತ್ತ ಚಿಕ್ಕಪ್ಪ ಮುನಿಯಪ್ಪ ಒಮ್ಮೆ ಕೈ ಕಟ್ಟಿ ಕುಳಿತು ಬಾಯಿ ತೆರೆದಿದ್ದ, ಆಆ ಅನ್ನೋ ಕಂದಾ, ಎಂದಿದ್ದಳು ಅಜ್ಜಿ, ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು, ಸರಿತಾ ನಗಲಿಲ್ಲ, ಚಿಕ್ಕಪ್ಪನ ಗಂಟಲಿನಲ್ಲಿ ಮುದ್ದೆ ಇಳಿಯದೆ ನಿಂತದ್ದನ್ನು ನೋಡುತ್ತಿದ್ದಳು, ತನ್ನ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಆ ಕೈ ಇದು. ಇದೇ ಕೈಗೆ ಬಿದಿರು ಕಟ್ಟಿ ನೆಟ್ಟಗೆ ಮಾಡಿದರು, ಮಸಿಯ ಬೊಟ್ಟು ತೋರಿಸಿ ಕಣ್ಣು ಹರಿತ ಮಾಡಿದರು, ಕಣ್ಣು ಹರಿತವಾದಷ್ಟೂ ಕೈ ತನ್ನ ಹಳೆಯ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿತು — ನಿಂತಿರುವುದಕ್ಕೆ ತಾಗಬಾರದು, ಅದರ ಮೂಗಿನ ಮುಂದೆ ಬೀಳಬೇಕು — ಇಷ್ಟು ವಿಧೇಯವಾದ ಕೈಯನ್ನು ಚಂಚಲವೆಂದು ಬೈದರಲ್ಲ, ತಾನೂ ಬೈದುಕೊಂಡಳಲ್ಲ, ಅಯ್ಯೋ ನನ್ನ ಬುದ್ಧಿಗಿಷ್ಟು! ಈಗ ಒಂದು ಚೆಂಡಿನ ಹೊತ್ತಿನಲ್ಲಿ ಈ ಕೈಗೆ ಹೊಡೆ ಎಂದು ಕಲಿಸಲಾದೀತೆ? ಆಗದು. ಕಲಿಸುವುದೂ ಬೇಡ. ಕಲಿತದ್ದು ಕೆಟ್ಟದ್ದೇನಲ್ಲ.

ಅವಳು ಸ್ಟಂಪನ್ನು ನೋಡುವುದನ್ನು ಬಿಟ್ಟಳು. ಅದರ ಬಲಕ್ಕೆ ಕೆಂಚಿಯನ್ನು ತಂದು ನಿಲ್ಲಿಸಿದಳು, ಮೇಚೇರಿ ತಳಿಯ ಕೆಂಪು ಮೈ, ಹರಿದ ಎಡಗಿವಿ, ಎಡಕ್ಕೆ ಮುಖ, ಮೂತಿ ಚಾಚಿ ರಾಗಿಯ ಕಡೆಗೆ, ಆ ಮೂಗಿಗೂ ಸ್ಟಂಪಿಗೂ ನಡುವೆ ಒಂದೇ ಬೆರಳು — ನುಗ್ಗುತ್ತಾಳೆ ಕೆಂಚಿ, ಈಗ ನುಗ್ಗುತ್ತಾಳೆ ಹೊಲಕ್ಕೆ, ಓಡುತ್ತಿದ್ದಾಳೆ ಸರಿತಾ, ಸುಣ್ಣದ ಗೆರೆ, ಬಿರಿದ ಕೆಸರಿನ ಬಯಲು, ಲಂಗದಲ್ಲಿ ಕಲ್ಲು ಕುಣಿಯುತ್ತದೆ, ಉಸಿರು, ಎಂಗಮ್ಮಾ ಪೋಚ್ಚು ಮನಸು, ಬಯಲಿಗೆ ಹೋಗಿದೆ ಸಾರ್, ಕುರಿ ತಿರುಗಿಸಲಿಕ್ಕೆ, ಮೊಣಕೈ ನೆಟ್ಟಗೆ, ಕಿವಿ ಸವರಿ ಮೇಲೆ, ಮಣಿಕಟ್ಟು ತಾನಾಗಿ ಹೊರಳಿತು, ಹೊರಳಲಿ, ಹೊರಳು ನನ್ನಪ್ಪಾ — ಟಕ್. ಸ್ಟಂಪು ಬುಡಸಹಿತ ಕಿತ್ತು ಹಿಂದಕ್ಕೆ ಉರುಳುತ್ತಿದೆ, ಮೇಷ್ಟ್ರ ಕೈ ತಲೆಯಿಂದ ಆಕಾಶಕ್ಕೆ, ಗಮನಂ ಗಮನಂ ಎಂದು ಕೂಗುತ್ತಿದ್ದಾರೆ, ಅಗಿಯುವ ಬಾಯಿಗಳು ನಿಂತಿವೆ, ಮತ್ತು ಹಸಿರು ಟವೆಲು ಗಾಳಿಯಲ್ಲೇ ನಿಂತುಹೋಗಿದೆ, ಅಯ್ಯಯ್ಯೋ, ತಾಗ್ಬುಡ್ತಲ್ಲಮ್ಮೀ, ಅಪ್ಪನ ದನಿ ಕುಸಿದಿದೆ, ಇಲ್ಲಪ್ಪಾ, ತಾಗಲಿಲ್ಲ, ಕಂಬಿ ಬಿಟ್ಟು ಸರಿಯಾಗಿ ನೋಡು, ಬಲಕ್ಕೆ, ಅಲ್ಲೇ ನಿಂತಿದ್ದಾಳೆ, ಮೈಮೇಲಿನ ಒಂದು ಕೂದಲೂ ಅಲುಗಿಲ್ಲ, ಹರಿದ ಕಿವಿ ನಿಮಿರಿದೆ, ಮೂಗಿನ ಮುಂದೆ ಧೂಳು, ಕೆಂಚಿಯ ಮೂಗಿನ ಮುಂದೆ, ಒಂದು ಹಿಡಿ ಧೂಳು —