ಗಾಡಿಗೊಂದು ತಡೆ

ನಮ್ಮ ಕೊಟ್ಟಿಗೆಯಲ್ಲಿ ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಈಗ ಕಬ್ಬಿಣ ಕಡೆಯುವ ಲೇತು ನಿಂತಿದೆ. ಬೆಂಗಳೂರಿನಲ್ಲಿ ಯಾರೋ ಮುಚ್ಚಿದ ಕಾರ್ಖಾನೆಯಿಂದ ಅಪ್ಪ ಅದನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಶಿಡ್ಲಘಟ್ಟದಲ್ಲಿ ಮನೆಮನೆಗೂ ರೇಷ್ಮೆ ರಾಟೆ. ಆ ರಾಟೆಗಳಿಗೆ ಬೇಕಾದ ಕಬ್ಬಿಣದ ಕದಿರುಗಳನ್ನು ಅಪ್ಪ ಇದರಲ್ಲಿ ಕಡೆದು ಕೊಡುತ್ತಾರೆ. ಬೀದಿಗೆ ಕರೆಂಟಿನ ಕಂಬ ಬಂದಿದೆ, ತಂತಿ ಬಂದಿಲ್ಲ. ಹಾಗಾಗಿ ಗೋಡೆಗೆ ಒತ್ತಿ ಒಂದು ದೊಡ್ಡ ಚಕ್ರ ಹೂಡಿದ್ದಾರೆ. ಅದನ್ನು ಕೊಂಡಮ್ಮತ್ತೆ ತಿರುಗಿಸಿದರೆ ಚರ್ಮದ ಪಟ್ಟಿ ಓಡಿ ಲೇತು ತಿರುಗುತ್ತದೆ.

ಸರಳನ್ನು ಕಚ್ಚಿ ಹಿಡಿದು ಗಿರಗಿರನೆ ತಿರುಗುವ ಕಬ್ಬಿಣದ ಮುಷ್ಟಿಗೆ ಚಕ್ಕು ಅಂತ ಹೆಸರು. ಅದಕ್ಕೆ ಮೂರು ಹಲ್ಲು. ಉಳಿಯನ್ನು ಹೊತ್ತುಕೊಂಡು ಚಕ್ಕಿನ ಕಡೆಗೆ ತೆವಳುವುದನ್ನು ಅಪ್ಪ ಗಾಡಿ ಅನ್ನುತ್ತಾರೆ. ಹಿಡಿ ಒತ್ತಿದರೆ ಚಕ್ರ ತಿರುಗುವ ಬಲಕ್ಕೆ ಗಾಡಿ ತಾನೇ ಹೋಗುತ್ತದೆ, ಎತ್ತಿದರೆ ನಿಲ್ಲುತ್ತದೆ. ಎತ್ತುವುದು ಒಂದು ಗಳಿಗೆ ತಡವಾದರೂ ಉಳಿ ಹೋಗಿ ಆ ಹಲ್ಲುಗಳಿಗೆ ಸಿಕ್ಕುತ್ತದೆ.

ಅಜ್ಜಿ ಹೇಳುವ ಒಂದು ಕತೆಯಲ್ಲಿ ಅಂಬಾಜಿದುರ್ಗದ ಗವಿಯೊಳಗೆ ಮೂರು ಹಲ್ಲಿನ ರಾಕ್ಷಸಿ ಇದ್ದಾಳೆ. ಅವಳು ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಕೂತಲ್ಲೇ ಬಾಯಿ ಆಡಿಸುತ್ತಾಳೆ. ದಾರಿಯೇ ಜನರನ್ನು ಹೊತ್ತು ಅವಳ ಹತ್ತಿರಕ್ಕೆ ತರುತ್ತದೆ. ಲೇತು ಬಂದ ದಿನದಿಂದ ನನಗೆ ಆ ಕತೆ ಕೇಳುವ ಆಸೆ ಹೋಯಿತು. ಅಪ್ಪನ ಬಲಗಣ್ಣಿಗೆ ಪೊರೆ ಬಂದು ಹಾಲಿನ ಹಾಗಾಗಿದೆ. ಇರುವ ಒಂದೇ ಕಣ್ಣನ್ನು ಅವರು ಆ ಹಲ್ಲುಗಳ ಹತ್ತಿರಕ್ಕೆ ಬಗ್ಗಿಸಿಕೊಂಡು ನಿಲ್ಲುತ್ತಾರೆ. ನಾನು ಬಾಗಿಲಲ್ಲಿ ಕಾಳು ಆರಿಸುವ ನೆವ ಮಾಡಿಕೊಂಡು ಕೂತಿರುತ್ತೇನೆ.

ಕೊಂಡಮ್ಮತ್ತೆ ಅಪ್ಪನ ಅಕ್ಕ. ಚೇಳೂರಿನ ಆಚೆ, ಗಡಿಯ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ಹಿಂದಕ್ಕೆ ಬಂದವಳು. ಬರುವಾಗ ಅವಳ ನಾಲಿಗೆ ಪೂರ್ತಿ ತೆಲುಗಾಗಿತ್ತು. ಅಪ್ಪ ಕೆಲಸ ಕಲಿತದ್ದು ಒಬ್ಬ ಸಾಬರ ಹತ್ತಿರ, ಅಲ್ಲಿ ಯಂತ್ರ ಶುರುಮಾಡುವುದಕ್ಕೆ ಚಾಲೂ ಅನ್ನುತ್ತಿದ್ದರಂತೆ. ಮೊದಲ ದಿನ ಅಪ್ಪ "ಚಾಲೂ" ಅಂದರೆ ಅತ್ತೆ ಕೈಬಿಟ್ಟು ನಿಂತಳು.

"ಯಾಕಕ್ಕಾ ನಿಂತೆ?"

"ಚಾಲು ಅಂದ್ಯಲ್ಲೋ. ಸಾಕು ಅಂತ ನಿಲ್ಲಿಸ್ದೆ."

"ನಿನ್ನ ತೆಲುಗು ಮನೆ ಒಳಗಿಟ್ಕೋ. ಇಲ್ಲಿ ಚಾಲು ಅಂದ್ರೆ ತಿರುಗ್ಸು ಅಂತ."

"ಸರಿಯಪ್ಪ ದೊಡ್ಡ ಮೇಸ್ತ್ರಿ. ನಾಳೆ ಊಟ ಸಾಕು ಅಂದ್ರೂ ಬಡಿಸ್ತೀನಿ, ತಿನ್ನು."

ನಕ್ಕೆವು. ಅತ್ತೆ ಹಟಗಾತಿ. ವಾರದೊಳಗೆ ಆ ಮಾತನ್ನು ಕೈಗೆ ಕಲಿಸಿಕೊಂಡಳು. ಯಾರ ಬಾಯಿಂದ ಚಾಲು ಬಂದರೂ ಅವಳ ತೋಳು ತಾನಾಗಿ ಬಿಗಿಯುತ್ತಿತ್ತು.

ಅವತ್ತು ಅಪ್ಪ ಉದ್ದನೆಯ ಕದಿರೊಂದನ್ನು ಕಡೆಯುತ್ತಿದ್ದರು. ಅಜ್ಜಿ ಮಜ್ಜಿಗೆ ತಂದು ಕೊಟ್ಟಿಗೆಯ ಹೊಸಿಲಲ್ಲಿ ನಿಂತಳು. ಅಲ್ಲಿಂದ ಅವಳಿಗೆ ಕಂಡದ್ದು ಅಪ್ಪನಿಗೆ ಕಾಣಲಿಲ್ಲ. ಪೊರೆಗಣ್ಣಿನ ಪಕ್ಕದಿಂದ ಗಾಡಿ ಹಲ್ಲಿನ ತೀರ ಹತ್ತಿರ ಹೋಗಿತ್ತು. ಅಜ್ಜಿಯ ತವರು ಆಂಧ್ರದ ಕಡೆ. ಹೆದರಿದಾಗ ಅವಳ ಬಾಯಿಗೆ ತೆಲುಗೇ ಬರುವುದು.

"ಚಾಲು, ಚಾಲು" ಅಂತ ಕೂಗಿದಳು.

ಅತ್ತೆ ಮೈಯ ಬಲವೆಲ್ಲ ಹಾಕಿ ತಿರುಗಿಸಿದಳು.

ಉಳಿ ಮುರಿದ ಸದ್ದು ಸಣ್ಣದೇ, ತೆಂಗಿನ ಚಿಪ್ಪು ಒಡೆದಷ್ಟು. ಅಪ್ಪ ಮುಖ ಹಿಡಿದುಕೊಂಡು ಕುಕ್ಕರಿಸಿದರು. ಬೆರಳ ಸಂದಿಯಿಂದ ರಕ್ತ ಇಳಿಯುವುದು ಕಂಡಾಗ ನನ್ನ ತಲೆಯೊಳಗೆ ಒಂದೇ ಪ್ರಶ್ನೆ ಇತ್ತು. ಯಾವ ಕಣ್ಣು?

ಎಡಗಣ್ಣಿನ ಕೆಳಗೆ, ಎಲುಬಿನ ಮೇಲೆ ಉಳಿಯ ಚೂರು ತಾಕಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಕಣ್ಣಿಗೆ ಏನೂ ಆಗಿಲ್ಲ, ಊತ ಇಳಿಯುವ ತನಕ ತೆರೆಯುವುದಿಲ್ಲ ಅಂದರು. ಹೀಗೆ ಅಪ್ಪ ಕೆಲವು ದಿನಕ್ಕೆ ಪೂರ್ತಿ ಕುರುಡಾದರು. ಅಮ್ಮ ತನ್ನ ತಂಗಿಯ ಬಾಣಂತನಕ್ಕೆ ಗೌರಿಬಿದನೂರಿಗೆ ಹೋಗಿದ್ದಳು. ಅವಳಿಗೆ ಹೇಳಿ ಕಳಿಸಬೇಡಿ ಅಂತ ಅಪ್ಪ ಆಣೆ ಹಾಕಿದರು.

ಪಡಸಾಲೆಯಲ್ಲಿ ಅಜ್ಜಿ ಅತ್ತೆ, ತಾಯಿ ಮಗಳ ಜಗಳ ನಿಲ್ಲಲಿಲ್ಲ.

"ಚಾಲು ಅಂದ್ರೆ ಸಾಕು ಅಂತ ಕಣೇ. ನಿಂಗೆ ಹಾಲು ಬಿಡಿಸಿದ್ದೇ ಆ ಮಾತಲ್ಲಿ" ಅಂತ ಅಜ್ಜಿ.

"ನಿನ್ನ ಮಗ ಇಲ್ಲಿ ಹಂಗಲ್ಲ ಅಂತ ತಿದ್ದಿದ. ನಾನು ತಿದ್ದಿಸ್ಕೊಂಡೆ. ಇನ್ನು ಯಾವ ಭಾಷೇಲಿ ಬೈತೀಯೋ ಬೈಯಿ" ಅಂತ ಅತ್ತೆ. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಮಾರಿಬಿಡೋ ಅದನ್ನ, ಎತ್ತು ಕಟ್ಟೋಣ" ಅಂದಳು ಅಜ್ಜಿ.

ಅಪ್ಪ ಮಲಗಿದ್ದಲ್ಲಿಂದ ಹೇಳಿದರು: "ಬಾಯಿಮಾತಿಗೆ ಬಿಟ್ಟಿದ್ದೇ ತಪ್ಪು. ಗಾಡಿ ಮುಂದಕ್ಕೆ ಹೋಗ್ದಂಗೆ ಅಡ್ಡ ಒಂದು ಕಬ್ಬಿಣ ಕೂರಿಸ್ಬೇಕು. ಶ್ಯಾಮಲಾ, ಹಳೇ ಬಂಡಿ ಅಚ್ಚಿನ ತುಂಡು ಐತಲ್ಲ, ತಗೊಂಬಾಮ್ಮ."

"ನಾನಾ ಮಾಡೋದು?"

"ನಂಗೆ ಕಣ್ಣಿಲ್ಲ, ಅಕ್ಕಂಗೆ ಸಹನೆ ಇಲ್ಲ. ನೀನು ಎಲ್ಲೋ ನೋಡ್ಕೊಂಡು ಕೂತಿರ್ತೀಯ. ಅದೇ ನೋಟ ಸ್ವಲ್ಪ ಇಲ್ಲಿಡು."

ಲೇತಿನ ಉದ್ದಕ್ಕೂ ಎರಡು ಏಣು ಇವೆ, ಮನೆಯ ಮಾಡಿನ ಹಾಗೆ ಇಳಿಜಾರಾದವು. ಗಾಡಿ ಅವುಗಳ ಮೇಲೇ ಜಾರುತ್ತದೆ. ಅಚ್ಚಿನ ತುಂಡಿನ ಹೊಟ್ಟೆಯಲ್ಲಿ ಆ ಏಣುಗಳಿಗೆ ಒಪ್ಪುವ ಕಚ್ಚು ಕೊರೆದು, ಕೆಳಗಿನಿಂದ ಪಟ್ಟಿ ಕೊಟ್ಟು ಬೋಲ್ಟು ಬಿಗಿಯಬೇಕು. ಒಪ್ಪದೆ ಹೋದರೆ ಬಿಗಿದದ್ದೆಲ್ಲ ವ್ಯರ್ಥ, ಗಾಡಿ ತಳ್ಳಿಕೊಂಡು ಹೋಗುತ್ತದೆ. ಅಪ್ಪ ಅಜ್ಜಿಯ ಕಾಡಿಗೆ ಡಬ್ಬಿ ಕೇಳಿದರು. ಏಣುಗಳಿಗೆ ಕಾಡಿಗೆ ಸವರಿ ತುಂಡನ್ನು ಅವುಗಳ ಮೇಲೆ ಉಜ್ಜಿದೆ. ಕಪ್ಪು ಹತ್ತಿದ ಕಡೆ ಉಬ್ಬು. ಅಲ್ಲಿ ಮಾತ್ರ ಅರದಿಂದ ಉಜ್ಜಿ ಮತ್ತೆ ಇಟ್ಟು ನೋಡುವುದು.

"ರಾಕ್ಷಸಿಗೆ ಕಾಡಿಗೆ ಬೇರೆ" ಅಂದಳು ಅಜ್ಜಿ. ಆದರೂ ಇನ್ನೊಂದು ಡಬ್ಬಿಗೆ ಎಣ್ಣೆದೀಪ ಹಚ್ಚಿ ಮಸಿ ಹಿಡಿದಳು.

ಸಂಜೆಗೆ ಅಪ್ಪನ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಅವರು ತುಂಡಿನ ಎರಡು ಮೂಲೆಗೆ ಬೆರಳಿಟ್ಟು ಒತ್ತಿ, "ಆಡ್ತದೆ" ಅನ್ನುವರು. ಮರುದಿನ ಮತ್ತೆ ಅರ, ಮತ್ತೆ ಕಾಡಿಗೆ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಉಜ್ಜುವುದು ತಪ್ಪಿದರೆ ಆ ತಪ್ಪು ಹೋಗಿ ಅಪ್ಪನ ಕಣ್ಣಿಗೆ ತಾಕುತ್ತದೆ ಅನ್ನುವ ಯೋಚನೆ ಅನ್ನ ತಿನ್ನಲು ಬಿಡಲಿಲ್ಲ. ಕೊನೆಗೊಮ್ಮೆ ಬೆರಳೊತ್ತಿ, "ಕೂತ್ಕೊಂತು" ಅಂದರು.

ಇನ್ನು ಅದಕ್ಕೊಂದು ತಿರುಪು ಬೇಕು. ತಿರುಪಿನ ತುದಿಗೇ ಗಾಡಿ ಬಂದು ತಾಗುವುದು, ಅದನ್ನು ಹಿಂದೆ ಮುಂದೆ ಮಾಡಿ ನಿಲ್ಲುವ ಜಾಗ ಗೊತ್ತುಮಾಡುವುದು. ಆದರೆ ತಿರುಪಿನ ಸರಳನ್ನು ಸಣ್ಣಗೆ ಕಡೆಯಬೇಕಾದದ್ದು ಇದೇ ಲೇತಿನಲ್ಲಿ. ತಡೆ ಇಲ್ಲದೆ ಇನ್ನೊಂದು ಸಲ ಗಾಡಿ ಓಡಿಸಬೇಕು, ಹಿಡಿಯ ಮೇಲೆ ನನ್ನ ಕೈ ಇಟ್ಟುಕೊಂಡು.

"ನಿಲ್ಲಿಸೋದಕ್ಕೆ ಏನಂತ ಹೇಳ್ಲಿ?" ಅಂತ ಅತ್ತೆಯನ್ನು ಕೇಳಿದೆ.

"ಏನೂ ಹೇಳ್ಬೇಡ ನನ್ನಮ್ಮ. ಯಾರೂ ಬಾಯಿ ಬಿಡಬೇಡಿ. ನಾನು ಕೈ ಬಿಟ್ರೂ ಈ ಚಕ್ರ ತನ್ನ ಭಾರಕ್ಕೆ ಸುತ್ತುತ್ತೆ. ನಿಲ್ಲಿಸೋಳು ನೀನೇ."

ಅಜ್ಜಿ ಹೊಸಿಲ ಹತ್ತಿರ ಕೂತು ಸೆರಗನ್ನು ಉಂಡೆಮಾಡಿ ಬಾಯೊಳಗೆ ತುರುಕಿಕೊಂಡಳು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಪ್ಪ ನನ್ನ ಹಿಂದೆ, ಕಟ್ಟಿದ ಕಣ್ಣಿನಲ್ಲಿ ನಿಂತರು. ಅತ್ತೆ ತಿರುಗಿಸಿದಳು. ನಾನು ಹಿಡಿ ಒತ್ತಿದೆ.

ಕಬ್ಬಿಣದ ಸಿಪ್ಪೆ ಗುಂಗುರು ಗುಂಗುರಾಗಿ ಏಳತೊಡಗಿತು, ನೀಲಿ, ಆಮೇಲೆ ಜೇನಿನ ಬಣ್ಣ. ಚೆಂದವಾಗಿತ್ತು, ಅದೇ ಅಪಾಯ. ಆ ಬಣ್ಣದ ಹಿಂದೆ ನನ್ನ ಮನಸ್ಸು ಹೊರಡುವುದು ನನಗೇ ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡೆ. ನಿಲ್ಲಿಸಬೇಕಾದಲ್ಲಿ ಸರಳಿಗೆ ಸುಣ್ಣದಲ್ಲಿ ಗೆರೆ ಎಳೆದಿದ್ದೆ, ಗೆರೆ ಸುತ್ತುವಾಗ ಬಿಳಿ ಬಳೆಯ ಹಾಗೆ ಕಾಣುತ್ತಿತ್ತು. ಬಳೆಯನ್ನಷ್ಟೇ ನೋಡಿದೆ. ಉಳಿ ಅದನ್ನು ಮುಟ್ಟುವ ಮೊದಲೇ ಹಿಡಿ ಎತ್ತಿದೆ. ಗಾಡಿ ನಿಂತಿತು. ಚಕ್ರ ಇನ್ನೂ ಸುತ್ತುತ್ತಲೇ ಇತ್ತು. ಅಜ್ಜಿ ಸೆರಗು ತೆಗೆದು, "ಬದುಕಿದ್ದಾಳಾ?" ಅಂತ ಕೇಳಿದಳು.

ತಿರುಪು ಆಯಿತು, ತಡೆ ಕೂತಿತು. ಪರೀಕ್ಷೆ ಮಾಡದೆ ಅಪ್ಪ ಬಿಡುವವರಲ್ಲ. ಗಾಡಿ ತಾಗಿ ನಿಂತಾಗ ಒಳಗಿನ ಹಲ್ಲುಗಾಲಿ ಮುರಿಯಬಾರದು, ಪಟ್ಟಿಯೇ ಜಾರಬೇಕು ಅಂತ ಚರ್ಮದ ಪಟ್ಟಿಯನ್ನು ಒಂದು ರಂಧ್ರ ಸಡಿಲ ಮಾಡಿಸಿದರು. ಸರಳಿಲ್ಲದ ಬರಿ ಚಕ್ಕು, ಉಳಿಯನ್ನೂ ಬಿಚ್ಚಿಟ್ಟೆವು. ಗಾಡಿ ಬಂತು, ತಿರುಪಿಗೆ ತಾಗಿತು, ತಡೆಯನ್ನೇ ತಳ್ಳಿಕೊಂಡು ಹೊರಟಿತು. ನಾನು ಹಿಡಿ ಎತ್ತಿದೆ. ಅಲ್ಲೇ ಕೂತೆ.

"ನಾನು ಸರಿಯಾಗಿ ಉಜ್ಜಿಲ್ಲ ಅಪ್ಪ."

ಅಪ್ಪ ಏಣನ್ನು ಬೆರಳಿನಿಂದ ಸವರಿ ಮೂಸಿದರು. "ಕಾಡಿಗೆ ಒರೆಸಿದ್ಯಾ?"

ಒರೆಸಿರಲಿಲ್ಲ. ಅಜ್ಜಿ ಕಾಡಿಗೆಗೆ ಹರಳೆಣ್ಣೆ ಹಾಕಿ ಕಲೆಸಿರುತ್ತಾಳೆ. ಆ ಜಿಡ್ಡಿನ ಮೇಲೆ ತಡೆ ಕೂತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಬಿಗಿದೆವು. ಈ ಸಲ ಗಾಡಿ ತಾಗಿದ್ದೇ ಟಕ್ ಅಂತ ನಿಂತಿತು. ಪಟ್ಟಿ ಕಿರ್ ಅಂತ ಜಾರಿತು. ಅತ್ತೆ ಎಷ್ಟು ತಿರುಗಿಸಿದರೂ ಗಾಡಿ ಅಲುಗಲಿಲ್ಲ.

ಅಪ್ಪನ ಊತ ಇಳಿದು ಕಣ್ಣು ತೆರೆದಿದೆ, ಕೆಲಸ ಮತ್ತೆ ಶುರುವಾಗಿದೆ. ಈಗ ಅವರು ಬಗ್ಗಿ ನೋಡುವುದಿಲ್ಲ. ಮುಖ ದೂರವಿಟ್ಟು ಗಾಡಿಯ ಮೇಲೆ ಅಂಗೈ ಇಟ್ಟುಕೊಂಡಿರುತ್ತಾರೆ. ಹತ್ತಿರ ಬಂದಾಗ ಹಿಡಿ ಎತ್ತಿ, ಉಳಿದಷ್ಟನ್ನು ಕೈಯಲ್ಲೇ ತಳ್ಳಿ ತಾಗಿಸುತ್ತಾರೆ. ಮರೆತರೂ ತಡೆ ಇದೆ. ಇಷ್ಟೆಲ್ಲ ಗೊತ್ತಿದ್ದೂ, ಟಕ್ ಅನ್ನುವ ತನಕ ನಾನು ಒಲೆಯ ಮುಂದೆ ಮುದ್ದೆ ಕೋಲು ಹಿಡಿದು ನಿಂತುಬಿಡುತ್ತೇನೆ. ಮುದ್ದೆ ಗಂಟಾಗುತ್ತದೆ.

ನಿನ್ನೆ ಆ ಸದ್ದು ಬರಲೇ ಇಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ. ಅತ್ತೆ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು.

"ಅಕ್ಕಂಗೆ ತೋಳು ನೋವಂತೆ. ಬಂದ್ಯಲ್ಲ, ನೀನೇ ತಿರುಗ್ಸು" ಅಂದರು ಅಪ್ಪ.

ಚಕ್ರದ ಹತ್ತಿರ ನಿಂತರೆ ಲೇತಿಗೆ ಬೆನ್ನು. ಚಕ್ಕು ಕಾಣದು, ಉಳಿ ಕಾಣದು, ಅಪ್ಪನ ಮುಖ ಕಾಣದು. ಎದುರಿಗೆ ಸುಣ್ಣದ ಗೋಡೆ ಮಾತ್ರ. ತಿರುಗಿ ನೋಡಿದರೆ ಕೈಯ ಲಯ ತಪ್ಪುತ್ತದೆ. ಗೋಡೆ ನೋಡುತ್ತಾ ತಿರುಗಿಸಿದೆ. ಪಟ್ಟಿ ಬಿಗಿಯಾಗಿ ಎಳೆಯುತ್ತಿತ್ತು, ಎಳೆಯುತ್ತಲೇ ಇತ್ತು. ಆಮೇಲೆ ಒಂದು ಸುತ್ತಿನ ನಡುವೆ ಆ ಎಳೆತ ಹಗುರಾಯಿತು, ಅಪ್ಪ ಹಿಡಿ ಎತ್ತಿರಬೇಕು. ಹಿಂದೆಯೇ, ಗಾಡಿ ತಡೆಯ ಕಬ್ಬಿಣಕ್ಕೆ ತಾಗಿದ್ದು ಕಿವಿಗಿಂತ ಮೊದಲು ನನ್ನ ಮಣಿಕಟ್ಟಿಗೆ ತಿಳಿಯಿತು.

"ಆಯ್ತಮ್ಮ" ಅಂದರು ಅಪ್ಪ. ನಾನು ಚಕ್ರ ಹಿಡಿದ ಕೈ ಬಿಡಲಿಲ್ಲ.